ವಿಯೆನ್ನಾದಲ್ಲಿ ಅಮ್ಮನಿಗೆ ಊಟ ಹುಡುಕಿದ್ದು

ಅಮ್ಮ ನಾನಿರುವ ಆಸ್ಟ್ರಿಯಾದ ವಿಯೆನ್ನಾಕ್ಕೆ ಬಂದಿದ್ದು ಹದಿನೈದು ದಿನಕ್ಕೆ. ಸೂಟ್‌ಕೇಸಲ್ಲಿ ಅರ್ಧ ಬರೀ ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ. "ಇಷ್ಟೊಂದು ಯಾಕೆ ಹೊತ್ಕೊಂಡು ಬಂದೆ, ಇಲ್ಲಿ ವೆಜ್ ಎಲ್ಲಾ ಕಡೆ ಸಿಗತ್ತೆ" ಅಂತ ನಕ್ಕಿದ್ದೆ. ನಾನು ಮೊಟ್ಟೆ ತಿನ್ನುತ್ತೇನೆ, ಅಮ್ಮ ತಿನ್ನಲ್ಲ. ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಆಗ ಗೊತ್ತಿರಲಿಲ್ಲ.

ಎರಡನೇ ದಿನವೇ ಎಡವಟ್ಟಾಯಿತು. ಒಂದು ಹಳೇ ಹೋಟೆಲಲ್ಲಿ ಅಮ್ಮನಿಗೆ ಎರ್ಡೆಪ್ಫೆಲ್‌ಸಲಾಟ್ ಹೇಳಿದೆ. ಆಲೂಗಡ್ಡೆ ಸಲಾಡ್, ಅದರಲ್ಲೇನಿರತ್ತೆ? ನಾಲ್ಕು ಚಮಚ ತಿಂದು "ಚೆನ್ನಾಗಿದೆ ಕಣೋ, ಹೇಗೆ ಮಾಡ್ತಾರೆ ಕೇಳು" ಅಂದಳು. ಕೇಳಿದೆ. ಮಾಣಿ ಖುಷಿಯಿಂದ ಹೇಳಿದ: ಆಲೂಗಡ್ಡೆ ಬಿಸಿ ಇರುವಾಗಲೇ ಹೆಚ್ಚಿ, ಈರುಳ್ಳಿ, ವಿನೆಗರ್ ಜೊತೆಗೆ ಬಿಸಿ ರಿಂಟ್‌ಸುಪ್ಪೆ ಸುರಿಯುತ್ತಾರಂತೆ. ರಿಂಟ್‌ಸುಪ್ಪೆ ಅಂದರೆ ದನದ ಮಾಂಸ ಬೇಯಿಸಿದ ನೀರು. ವಿಯೆನ್ನಾದವರ ಹಳೇ ಪದ್ಧತಿಯೇ ಅದು, ಅವನ ತಪ್ಪೇನಿಲ್ಲ, ಮೊದಲೇ ಕೇಳದೇ ಇದ್ದದ್ದು ನಾನು. ಅಮ್ಮನಿಗೆ ಹೇಳಿದೆ. ಚಮಚ ಕೆಳಗಿಟ್ಟು, ರೂಮಿಗೆ ಬಂದು ತಲೆಗೆ ಸ್ನಾನ ಮಾಡಿದಳು. ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಅವತ್ತು ರಾತ್ರಿ ಕೂತು ಮೆನುಗಳನ್ನು ಸರಿಯಾಗಿ ಓದಿದೆ. ಇಲ್ಲಿ ತಿಂಡಿ ಹೆಸರಿನ ಪಕ್ಕ ಸಣ್ಣದಾಗಿ ಎ, ಸಿ, ಜಿ, ಎಲ್ ಅಂತ ಅಕ್ಷರ ಇರುತ್ತವೆ. ಅಲರ್ಜಿ ಇರುವವರಿಗಾಗಿ 2014ರ ಡಿಸೆಂಬರಿಂದ ಯೂರೋಪಿನಲ್ಲಿ ಜಾರಿಗೆ ಬಂದ ನಿಯಮದ ಫಲ ಇದು. ಎ ಅಂದರೆ ಗೋಧಿಯಂಥ ಧಾನ್ಯ, ಸಿ ಮೊಟ್ಟೆ, ಜಿ ಹಾಲು, ಎಲ್ ಸೆಲರಿ ಅನ್ನೋ ತರಕಾರಿ. ಎರಡು ವರ್ಷದಿಂದ ಕಣ್ಣೆದುರಿಗೇ ಇತ್ತು, ನಾನು ನೋಡಿರಲಿಲ್ಲ. ಅಮ್ಮನಿಗೆ ಸಿ ಇದ್ದರೆ ಬೇಡ, ಅಷ್ಟೇ. ಆದರೆ ಮಾಂಸ ಅಲರ್ಜಿ ಪಟ್ಟಿಯಲ್ಲಿಲ್ಲ ನೋಡಿ, ಅದಕ್ಕೆ ಅಕ್ಷರವೂ ಇಲ್ಲ. ಅದಕ್ಕೆ ನಾನೇ ಒಂದು ಉಪಾಯ ಮಾಡಿಕೊಂಡೆ. ಮಾಂಸದ ಸ್ಟಾಕ್ (ಬೇಯಿಸಿದ ನೀರು) ಇರಲಿ, ತರಕಾರಿ ಸ್ಟಾಕ್ ಇರಲಿ, ಸಾಮಾನ್ಯವಾಗಿ ಸೆಲರಿ ಬಿದ್ದಿರುತ್ತದೆ, ಹಾಗಾಗಿ ಸೂಪು, ಸಲಾಡಿನ ಪಕ್ಕ ಎಲ್ ಕಂಡರೆ "ಮಿಟ್ ರಿಂಟ್‌ಸುಪ್ಪೆ?" ಅಂತ, ಅಂದರೆ ದನದ ಸಾರು ಹಾಕಿದ್ದೀರಾ ಅಂತ ಕೇಳುವುದು. ಸುಮ್ನೆ "ವೆಗೆಟಾರಿಶ್?" ಅಂದರೆ ಸಾಕಾಗಲ್ಲ, ಅದರಲ್ಲಿ ಮೊಟ್ಟೆ ಸೇರಿಕೊಂಡೇ ಇರುತ್ತದೆ. ಕೆಲವು ಕಡೆ ಅಕ್ಷರ ಹಾಕಿರಲ್ಲ, ಬಾಯಲ್ಲೇ ಹೇಳುತ್ತಾರೆ. ಆಗ "ಕೈನ್ ಫ್ಲೈಶ್, ಕೈನ್ ಫಿಶ್, ಕೈನ್ ಐ". ಅಂದರೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ.

ಹೆಸರು ನೋಡಿ ಮೋಸ ಹೋಗುವುದೂ ಉಂಟು. ಲೇಬರ್‌ಕೇಸೆ ಅಂತ ಒಂದಿದೆ, ಕೇಸೆ ಅಂದರೆ ಚೀಸ್ ತಾನೆ, ಆದರೆ ಅದು ಮಾಂಸದ ಗಟ್ಟಿ. ಫ್ರಿಟಾಟನ್‌ಸುಪ್ಪೆ ನೋಡಿದರೆ ಸಾರಲ್ಲಿ ದೋಸೆ ಚೂರು ಹಾಕಿದ ಹಾಗೆ ಕಾಣುತ್ತದೆ, ಸಾರು ಮಾತ್ರ ಮತ್ತದೇ ದನದ್ದು.

ಆಮೇಲೆ ದಾರಿ ಸಿಕ್ಕಿತು. ಊರಿನ 16ನೇ ಜಿಲ್ಲೆಯ ಸಂತೆ ಬ್ರುನ್ನನ್‌ಮಾರ್ಕ್ಟ್‌ನಲ್ಲಿ ಟರ್ಕಿಯವರ ಅಂಗಡಿಗಳು ಜಾಸ್ತಿ. ಪ್ರವಾಸಿಗರು ಹೋಗುವ ಇನ್ನೊಂದು ಸಂತೆ ನಾಶ್‌ಮಾರ್ಕ್ಟ್‌ಗಿಂತ ಅಗ್ಗ. ಅಲ್ಲಿ ಬಿಸಿ ಫಲಾಫೆಲ್ ಅಮ್ಮನಿಗೆ ನಮ್ಮ ಆಂಬೊಡೆ ಥರ ಅನ್ನಿಸಿತಂತೆ. 9ನೇ ಜಿಲ್ಲೆಯ ಹೋಟೆಲ್ ದೀವಾನ್‌ಗೆ ಕರೆದುಕೊಂಡು ಹೋದೆ. ಪಾಕಿಸ್ತಾನಿ ಊಟ, ಬೇಕಾದಷ್ಟು ಬಡಿಸಿಕೊಂಡು ನಮಗೆ ತೋಚಿದಷ್ಟು ದುಡ್ಡು ಕೊಡುವುದು. ವೆಜ್ ಪಲ್ಯ ಇದ್ದವು, ಪಕ್ಕದಲ್ಲೇ ಮಾಂಸದ ಪಾತ್ರೆಯೂ ಇತ್ತು. ಅಮ್ಮ ಆ ಕಡೆ ನೋಡದೆ ಬೇಳೆ, ಅನ್ನ ಹಾಕಿಕೊಂಡಳು. ಅವಳ ಚಿಂತೆ ಬೇರೆಯೇ ಇತ್ತು: "ಎಷ್ಟು ಕೊಡಬೇಕೋ? ಕಡಿಮೆ ಕೊಟ್ಟರೆ ಏನಂದ್ಕೋತಾರೆ?" ಕೊನೆಗೆ ನಾನು ಇಟ್ಟಿದ್ದಕ್ಕೆ ಇನ್ನೆರಡು ಯೂರೋ ಅವಳೇ ಸೇರಿಸಿದಳು.

ಸಿಹಿ ವಿಷಯದಲ್ಲಿ, ಹರಿದು ಹಾಕಿದ ದಪ್ಪ ಸಿಹಿ ದೋಸೆಯಂಥ ಕೈಸರ್‌ಶ್ಮಾರ್ನ್ ಬಿಡಿ, ಅದು ಮೊಟ್ಟೆಯದೇ ಆಟ. ಸೇಬಿನ ಹೂರಣದ ಸುರುಳಿ ಆಪ್ಫೆಲ್‌ಶ್ಟ್ರೂಡೆಲ್ ಹಿಟ್ಟಿಗೆ ಹಳೇ ಕ್ರಮದಲ್ಲಿ ಮೊಟ್ಟೆ ಹಾಕಲ್ಲ, ಆದರೂ ಎಷ್ಟೋ ಕಡೆ ಹಾಕುತ್ತಾರೆ. ಮೂರು ಕಾಫಿಹೌಸ್ ಸುತ್ತಿದ ಮೇಲೆ ಸಿ ಇಲ್ಲದ್ದು ಸಿಕ್ಕಿತು. ಅಮ್ಮನೇ ಮೆನು ಮೇಲೆ ಬೆರಳಿಟ್ಟು ತೋರಿಸಿದಳು.

ಭಾನುವಾರ ಮಾತ್ರ ಎಚ್ಚರ. ಸೂಪರ್ ಮಾರ್ಕೆಟ್‌ಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ಬಿಟ್ಟರೆ. ನಾನು ಶನಿವಾರ ಮರೆತೆ. ಫ್ರಿಜ್ಜಲ್ಲಿ 3.6 ಪರ್ಸೆಂಟ್ ಕೊಬ್ಬಿನ ನಾಟೂರ್‌ಯೋಗುರ್ಟ್ ಒಂದು ಡಬ್ಬಿ ಇತ್ತು. ಅಮ್ಮ ಮಾತಾಡದೆ ಎದ್ದು ಅವಲಕ್ಕಿ ತೊಳೆದಳು, ಮೊಸರು ಕಲಸಿ ಒಗ್ಗರಣೆ ಹಾಕಿದಳು. ಎರಡು ಸಲ ಹಾಕಿಸಿಕೊಂಡೆ.