ಎಂಟನೇ ತರಗತಿಯ ಹೊಸಬರನ್ನು ಗುಂಪಾಗಿ ಕೂರಿಸಿ ಮಾತನಾಡಿಸುವ ಬಗೆ

ಜೂನ್ ಬಂತೆಂದರೆ ಕೈಬೆರಳೆಣಿಕೆಯ ಮಕ್ಕಳಿದ್ದ ಪ್ರಾಥಮಿಕ ಶಾಲೆಗಳಿಂದ ಏಳನೇ ತರಗತಿ ಮುಗಿಸಿದವರು ನಮ್ಮ ಪ್ರೌಢಶಾಲೆಗೆ ಬರುತ್ತಾರೆ. ಕೊಡಗಿನ ತಿತಿಮತಿ ಕಡೆಯ ಬುಡಕಟ್ಟು ಹಾಡಿಗಳಿಂದ ಬಂದು ಹಾಸ್ಟೆಲ್ ಸೇರಿದವರು, ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯವರು, ಮನೆಯಲ್ಲಿ ಕೊಡವ ತಕ್ಕ್, ಮಲಯಾಳಂ, ಯರವ ಭಾಷೆ ಆಡುವವರು, ಎಲ್ಲರೂ ಒಂದೇ ಕೊಠಡಿಯಲ್ಲಿ. ಕೆಲವರು ಬೇಗ ಒಗ್ಗಿಕೊಳ್ಳುತ್ತಾರೆ. ಕೆಲವರು ಹಾಜರಿ ಪುಸ್ತಕದಿಂದ ಮೆಲ್ಲಗೆ ಮರೆಯಾಗತೊಡಗುತ್ತಾರೆ. ಇಂಥವರಿಗಾಗಿ ವಾರಕ್ಕೊಂದು ಗುಂಪು ಸಮಾಲೋಚನೆ ನಡೆಸಲು ಶಿಕ್ಷಕರಿಗೆ ಬೇಕಾದದ್ದು ಮುಖ್ಯವಾಗಿ ಒಂದೇ: ಬಾಯಿ ಮುಚ್ಚಿ ಕೂರುವ ಅಭ್ಯಾಸ. ನಮ್ಮ ವೃತ್ತಿಯವರಿಗೆ ಅದು ಸುಲಭವಲ್ಲ.

ಆರರಿಂದ ಎಂಟು ಮಕ್ಕಳು ಸಾಕು. ಕಷ್ಟದಲ್ಲಿರುವವರನ್ನು ಮಾತ್ರ ಆರಿಸಿದರೆ ಬಿಸಿಯೂಟದ ಹೊತ್ತಿಗೆ ಇಡೀ ಶಾಲೆ ಅವರಿಗೊಂದು ಅಡ್ಡಹೆಸರು ಇಟ್ಟಿರುತ್ತದೆ. ಚೆನ್ನಾಗಿ ಹೊಂದಿಕೊಂಡ ಇಬ್ಬರನ್ನೂ ಸೇರಿಸಿ. ಪೀಡಿಸುವವನನ್ನೂ ಪೀಡೆಗೊಳಗಾದವನನ್ನೂ ಒಂದೇ ಗುಂಪಿಗೆ ಹಾಕಬೇಡಿ. ಹಾಡಿಯ ಮಗುವಿದ್ದರೆ ಜೊತೆಗೆ ಅದೇ ಭಾಷೆಯ ಇನ್ನೊಂದು ಮಗು ಇರಲಿ. ಮುಖ್ಯ ಶಿಕ್ಷಕರು, ಪೋಷಕರು, ಹಾಸ್ಟೆಲ್ ವಾರ್ಡನ್ ಒಪ್ಪಿರಬೇಕು. ಸಂಜೆ ಬೇಡ, ಬಸ್ ತಪ್ಪುತ್ತದೆ. ಆಟದ ಪಿರಿಯಡ್ ಅಂತೂ ಬೇಡವೇ ಬೇಡ. ಆಟ ಕಿತ್ತುಕೊಂಡವರ ಬಳಿ ಯಾವ ಮಗು ಮನಸ್ಸು ಬಿಚ್ಚುತ್ತದೆ?

ಬೆಂಚು ಸರಿಸಿ, ಚಾಪೆ ಹಾಸಿ, ನೀವೂ ನೆಲದ ಮೇಲೆಯೇ ಕುಳಿತುಕೊಳ್ಳಿ. ಮೊದಲ ದಿನ ‘ನಿನಗೇನು ತೊಂದರೆ’ ಎಂದು ಕೇಳಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿ ಕೊಟ್ಟು ಮನೆಯಿಂದ ಶಾಲೆಯವರೆಗಿನ ದಾರಿ ಬಿಡಿಸಲು ಹೇಳಿ. ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ತಡವಾಗಿ ಬರುವುದಕ್ಕೇ ಹೆಸರಾಗಿದ್ದ ಒಬ್ಬ ಹುಡುಗ ತೋಟದ ಗೇಟು ಬಿಡಿಸಿ, ಅದರಾಚೆ ಹಾಳೆಯ ಅರ್ಧ ತುಂಬುವಂತೆ ಆನೆ ಬಿಡಿಸಿದ್ದ. ಆನೆ ರಸ್ತೆ ದಾಟುವವರೆಗೆ ಅವನು ಗೇಟಿನೊಳಗೇ ನಿಲ್ಲುತ್ತಿದ್ದ, ಅಷ್ಟರಲ್ಲಿ ಬಸ್ ಹೋಗಿರುತ್ತಿತ್ತು. ನಾನು ಏನಾದರೂ ಹೇಳುವ ಮೊದಲೇ ಪಕ್ಕದ ಹುಡುಗಿ, “ನಮ್ಮ ಕಡೆಯೂ ಬರುತ್ತದೆ. ನೀನು ನಮ್ಮ ಜೀಪಿನಲ್ಲಿ ಬಾ” ಎಂದಳು. ನಾನು ಕೊಡಬಹುದಾಗಿದ್ದ ಯಾವ ಬುದ್ಧಿಮಾತೂ ಅಷ್ಟು ಉಪಯೋಗಕ್ಕೆ ಬರುತ್ತಿರಲಿಲ್ಲ.

ನಿಯಮಗಳನ್ನು ಅಂದೇ ಹೇಳಿ. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು, ಯಾರನ್ನೂ ನೋಡಿ ನಗಬಾರದು, ಮಾತು ಬೇಡವೆನಿಸಿದವರು ಸುಮ್ಮನಿರಬಹುದು. ಆದರೆ ಗುಟ್ಟಿಗೂ ಒಂದು ಮಿತಿಯಿದೆ: ಯಾರಾದರೂ ಹಿಂಸೆ ಕೊಡುತ್ತಿದ್ದರೆ, ಅಥವಾ ಸಾಯುವ ಯೋಚನೆ ಬಂದರೆ, ನೆರವಾಗಬಲ್ಲವರಿಗೆ ನೀವು ತಿಳಿಸಲೇಬೇಕಾಗುತ್ತದೆ. ಇದನ್ನು ಮುಂಚೆಯೇ ಹೇಳದಿದ್ದರೆ ಆಮೇಲೆ ನಂಬಿಕೆದ್ರೋಹವಾಗುತ್ತದೆ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡನ್ನೂ ಮಕ್ಕಳಿಂದಲೇ ಪುಸ್ತಕದಲ್ಲಿ ಬರೆಸಿ.

ಮುಂದಿನ ವಾರಗಳಲ್ಲಿ ಒಂದೊಂದು ದಿನಕ್ಕೆ ಒಂದೇ ವಿಷಯ: ಹಾಸ್ಟೆಲಿನ ರಾತ್ರಿ, ಇಂಗ್ಲಿಷ್ ಪಾಠ, ಬಣ್ಣ ಮತ್ತು ಜಾತಿ ಹಿಡಿದು ಮಾಡುವ ಗೇಲಿ. ಮಗು ತನ್ನ ಮನೆಮಾತಿನಲ್ಲೇ ಹೇಳಲಿ, ಗೊತ್ತಿರುವ ಇನ್ನೊಂದು ಮಗು ಕನ್ನಡದಲ್ಲಿ ತಿಳಿಸಲಿ. ನಿಮ್ಮತ್ತ ತಿರುಗಿ ಉತ್ತರ ಕೇಳಿದರೆ, “ಬೇರೆ ಯಾರಿಗಾದರೂ ಹೀಗಾಗಿದೆಯೇ?” ಎಂದು ಗುಂಪಿಗೇ ಕೇಳಿ ಕಾಯಿರಿ.

ಮಳೆ ರಜೆಗಳು ನಡುವೆ ಬಂದು ಕೊಂಡಿ ಕಳಚುವುದರಿಂದ ನಾನು ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಆರಂಭಿಸಿ, ವರ್ಷದ ಕೊನೆಯ ಸುಗ್ಗಿ ಹಬ್ಬವಾದ ಹುತ್ತರಿಯೊಳಗೆ ಮುಗಿಸುತ್ತೇನೆ. ಮುಗಿಯುತ್ತಿದೆ ಎಂದು ಒಂದು ವಾರ ಮೊದಲೇ ತಿಳಿಸಿ. ಕೊನೆಯ ದಿನ, ಮುಂದಿನ ವರ್ಷ ಬರುವವರು ತಿಳಿದಿರಬೇಕಾದದ್ದನ್ನು ಬರೆಸಿ. ಯಾವ ನಲ್ಲಿಯಲ್ಲಿ ನೀರು ಬರುತ್ತದೆ, ಒದ್ದೆ ಕೊಡೆ ಎಲ್ಲಿ ಇಡಬೇಕು, ಯಾವ ಮೇಷ್ಟ್ರು ಬೈದರೂ ಹೊಡೆಯುವುದಿಲ್ಲ ಎಂಬಂಥವೇ ಇರುತ್ತವೆ. ತಿದ್ದದೆ ಎತ್ತಿಟ್ಟು ಜೂನ್‌ನಲ್ಲಿ ಹೊಸಬರಿಗೆ ಹಂಚಿ.