ಹಿತ್ತಿಲಿಗೆ ಮೊದಲ ಕೋಳಿ: ತಳಿ ಆರಿಸುವುದು ಹೇಗೆ?

ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಬೇಕೆಂದು ಹೊರಡುವವರಲ್ಲಿ ಹಲವರು ಮೊದಲು ಮರಿಗಳನ್ನು ತಂದು, ಗೂಡಿನ ಯೋಚನೆಯನ್ನು ಆಮೇಲೆ ಮಾಡುತ್ತಾರೆ. ಈ ಕ್ರಮವೇ ತಪ್ಪು. ಯಾವ ತಳಿ ಒಳ್ಳೆಯದು ಎಂದು ಕೇಳುವ ಮೊದಲು ನಿಮ್ಮ ಹಿತ್ತಿಲು ಯಾವ ಕೋಳಿಯನ್ನು ತಾಳಿಕೊಳ್ಳಬಲ್ಲದು ಎಂಬುದನ್ನು ನೋಡಬೇಕು. ಎಲ್ಲ ಹಿತ್ತಿಲಿಗೂ ಹೊಂದುವ ತಳಿ ಎಂಬುದಿಲ್ಲ.

ಮೊದಲಿಗೆ ಜಾಗವನ್ನು ಅಳೆಯಿರಿ. ರಾತ್ರಿ ಕೂಡಿಹಾಕುವ ಗೂಡಿನಲ್ಲಿ ಬೆಳೆದ ಕೋಳಿಯೊಂದಕ್ಕೆ ಎರಡರಿಂದ ಎರಡೂವರೆ ಚದರ ಅಡಿ ಬೇಕು. ಹತ್ತು ಕೋಳಿಗೆ ಐದು ಅಡಿ ಉದ್ದ, ಐದು ಅಡಿ ಅಗಲದ ಗೂಡು ಸಾಕಾಗುತ್ತದೆ. ಹಗಲು ಮೇಯುವ ಜಾಗಕ್ಕೆ ಬೇಲಿ ಇದೆಯೇ, ಬೀದಿನಾಯಿ ನುಗ್ಗುತ್ತದೆಯೇ, ಮುಂಗುಸಿ ಓಡಾಡುತ್ತದೆಯೇ, ಗಿಡುಗ ಎರಗಿದರೆ ಓಡಿ ಅಡಗಲು ಬಾಳೆ ಬುಡವೋ ಪೊದೆಯೋ ಇದೆಯೇ ಎಂಬುದನ್ನೂ ಗಮನಿಸಿ. ಪಟ್ಟಣದ ಸೈಟಿನಲ್ಲಿರುವವರು ಇನ್ನೊಂದು ವಿಷಯ ತಿಳಿದಿರಬೇಕು. ಮೊಟ್ಟೆಗಾಗಿಯೇ ಸಾಕುವುದಾದರೆ ಹುಂಜ ಬೇಕಾಗಿಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ, ಆದರೆ ಅದರಿಂದ ಮರಿಯಾಗುವುದಿಲ್ಲ. ಬೆಳಗಿನ ಜಾವದ ಕೂಗಿಗೆ ಅಕ್ಕಪಕ್ಕದವರು ಬೇಸರಪಟ್ಟುಕೊಳ್ಳುವುದೂ ಇದರಿಂದ ತಪ್ಪುತ್ತದೆ.

ಆಮೇಲೆ ಉದ್ದೇಶ. ಮೊಟ್ಟೆಯೇ ಮುಖ್ಯವೇ, ಮಾಂಸವೇ, ಇಲ್ಲವೇ ಮರಿಗಳಾಗುತ್ತಾ ತಾನಾಗಿಯೇ ಮುಂದುವರಿಯುವ ಹಿಂಡು ಬೇಕೇ? ಕೊನೆಯದು ಬೇಕಾದವರಿಗೆ ನಾಟಿ ಕೋಳಿಗೆ ಸಾಟಿಯಿಲ್ಲ. ಉತ್ತರ ಕರ್ನಾಟಕದಲ್ಲಿ ಇದನ್ನೇ ಜವಾರಿ ಎನ್ನುತ್ತಾರೆ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಷ್ಟೇ ಸಿಗುವುದಾದರೂ ಅದು ಕಾವಿಗೆ ಕೂರುತ್ತದೆ, ಹತ್ತು ಹನ್ನೆರಡು ಮೊಟ್ಟೆಗಳನ್ನು ರೆಕ್ಕೆಯಡಿ ಇಟ್ಟುಕೊಂಡು 21 ದಿನಗಳಲ್ಲಿ ಮರಿ ಮಾಡುತ್ತದೆ. ಆಕಾಶದಲ್ಲಿ ಗಿಡುಗದ ನೆರಳು ಸುಳಿದರೆ ತಾಯಿಕೋಳಿ ಕತ್ತು ಓರೆ ಮಾಡಿ ಮೇಲೆ ನೋಡಿ, ಗಂಟಲಲ್ಲೇ ಒಂದು ಸದ್ದು ಹೊರಡಿಸುತ್ತದೆ. ಅಲ್ಲಲ್ಲಿ ಕೆದಕುತ್ತಿದ್ದ ಮರಿಗಳೆಲ್ಲ ಕ್ಷಣದಲ್ಲಿ ಅದರ ರೆಕ್ಕೆಯೊಳಗೆ ಸೇರಿಬಿಡುತ್ತವೆ. ಯಂತ್ರದಲ್ಲಿ ಹುಟ್ಟಿದ ಮರಿಗಳಿಗೆ ಈ ಕಾವಲಿಲ್ಲ.

ಮೊಟ್ಟೆಯೂ ಮಾಂಸವೂ ಬೇಕೆನ್ನುವವರಿಗೆ ಸುಧಾರಿತ ಹಿತ್ತಿಲ ತಳಿಗಳಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರ ದಶಕದ ಕೊನೆಯಲ್ಲಿ ಹೊರತಂದ ಗಿರಿರಾಜ ನಮ್ಮ ರಾಜ್ಯದಲ್ಲಿ ಮನೆಮಾತಾಗಿರುವ ಹೆಸರು. ಬಣ್ಣದ ಪುಕ್ಕ, ದೊಡ್ಡ ಮೈ, ವರ್ಷಕ್ಕೆ ಸುಮಾರು 130ರಿಂದ 150 ಕಂದು ಮೊಟ್ಟೆ. ಆದರೆ ಆ ದೊಡ್ಡ ಮೈಯೇ ಬೇಲಿಯಿಲ್ಲದ ಹಿತ್ತಿಲಲ್ಲಿ ಅದಕ್ಕೆ ತೊಡಕಾಗುತ್ತದೆ. ನಾಯಿ ಬಂದರೆ ನಾಟಿ ಕೋಳಿ ಗೋಡೆಗೆ ಹಾರಿಬಿಡುತ್ತದೆ, ಗಿರಿರಾಜಕ್ಕೆ ಅಷ್ಟು ಚುರುಕಿಲ್ಲ. ಆಮೇಲೆ 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ವರ್ಷಕ್ಕೆ ಸುಮಾರು 180 ಮೊಟ್ಟೆಯಿಡಬಲ್ಲದು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮಾಂಸದ ಕಡೆಗೂ, ಗ್ರಾಮಪ್ರಿಯ ಮೊಟ್ಟೆಯ ಕಡೆಗೂ ವಾಲುವ ತಳಿಗಳು. ಈ ಲೆಕ್ಕಗಳೆಲ್ಲ ಮೇವಿನ ಜೊತೆಗೆ ಒಂದಿಷ್ಟು ಆಹಾರವನ್ನು ನೀವೂ ಕೊಟ್ಟಾಗ ಸಿಗುವಂಥವು. ರಾಗಿ, ಮೆಕ್ಕೆಜೋಳದ ನುಚ್ಚು, ತೌಡು, ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ ಇವನ್ನು ಕೊಡದೆ ಕೋಳಿಯನ್ನು ದೂರಿದರೆ ಅದು ನ್ಯಾಯವಲ್ಲ.

ಮಧ್ಯಪ್ರದೇಶದ ಝಾಬುವಾದಿಂದ ಬಂದ, 2018ರಲ್ಲಿ ಭೌಗೋಳಿಕ ಸೂಚಿ ಪಡೆದ ಕಡಕ್‌ನಾಥ್‌ನತ್ತ ಹೊಸಬರ ಕಣ್ಣು ಬೇಗ ಹೋಗುತ್ತದೆ. ಅದರ ಮಾಂಸ ಕಪ್ಪೇ ಹೊರತು ಮೊಟ್ಟೆ ಕಪ್ಪಲ್ಲ, ತಿಳಿಗಂದು ಅಷ್ಟೆ. ಕಪ್ಪು ಮೊಟ್ಟೆಯ ಚಿತ್ರ ತೋರಿಸಿ ಮಾರುವವರನ್ನು ನಂಬಬೇಡಿ. ಬೆಲೆ ಹೆಚ್ಚು, ಮೊಟ್ಟೆ ಕಡಿಮೆ, ಕಾವಿಗೆ ಕೂರುವುದೂ ಅಪರೂಪ. ಹೀಗಾಗಿ ಮೊದಲ ವರ್ಷಕ್ಕೆ ಅದು ಬೇಡವೆಂಬುದೇ ನನ್ನ ಸಲಹೆ. ಸೈಕಲ್ಲಿನಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ತರುವ ಮರಿಗಳಂತೂ ಬೇಡವೇ ಬೇಡ. ಅವು ಹೆಚ್ಚಾಗಿ ಮೊಟ್ಟೆ ಕೋಳಿಯ ಹ್ಯಾಚರಿಗಳು ಬೇಡವೆಂದು ಹೊರಹಾಕಿದ ಗಂಡು ಮರಿಗಳು. ಮಕ್ಕಳ ಕೈಯಲ್ಲಿ ಅವು ಸಾಯುವುದನ್ನು ನೋಡಲು ಸಂಕಟವಾಗುತ್ತದೆ.

ತಳಿ ನಿರ್ಧಾರವಾದ ಮೇಲೆ ವಯಸ್ಸಿನ ಪ್ರಶ್ನೆ ಬರುತ್ತದೆ. ಒಂದು ದಿನದ ಮರಿ ಅಗ್ಗ, ಆದರೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು, ಆಮೇಲೆ ವಾರವಾರ ಇಳಿಸುತ್ತಾ ಹೋಗಬೇಕು. ಬಲ್ಬಿನಡಿ ಮರಿಗಳು ಒತ್ತೊತ್ತಾಗಿ ಗುಂಪುಗೂಡಿದರೆ ಚಳಿಯೆಂದೂ, ದೂರ ಸರಿದು ಬಾಯಿ ತೆರೆದರೆ ಸೆಖೆಯೆಂದೂ ಅರ್ಥ. ಗಂಡು ಹೆಣ್ಣು ಬೇರ್ಪಡಿಸದೆ ಕೊಡುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಆಗುತ್ತವೆ. ಆದ್ದರಿಂದ ಹೊಸಬರು ಸ್ವಲ್ಪ ಹಣ ಹೆಚ್ಚು ಕೊಟ್ಟಾದರೂ ಆರು ವಾರ ದಾಟಿದ ಹೇಂಟೆಮರಿಗಳನ್ನೇ ತರುವುದು ಒಳ್ಳೆಯದು. ಕೋಳಿಗಳಿಗೆ ಮಾರಕವಾದ ಸೋಂಕು ಕೊಕ್ಕರೆ ರೋಗಕ್ಕೆ (ಇದನ್ನೇ ರಾಣಿಖೇತ್ ಎನ್ನುತ್ತಾರೆ) ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಿ, ಎಂಟನೆಯ ವಾರದ ಚುಚ್ಚುಮದ್ದು ಬಾಕಿಯಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಕೊಳ್ಳುವಾಗ ಮರಿಯನ್ನು ಕೈಗೆತ್ತಿಕೊಂಡು ನೋಡಿ: ಕಣ್ಣು ಹೊಳೆಯುತ್ತಿರಬೇಕು, ಮೂಗಿನಲ್ಲಿ ಸಿಂಬಳವಿರಬಾರದು, ಹಿಂಭಾಗದ ಪುಕ್ಕಕ್ಕೆ ಹಿಕ್ಕೆ ಅಂಟಿರಬಾರದು, ನೆಲಕ್ಕೆ ಬಿಟ್ಟೊಡನೆ ಎರಡೂ ಕಾಲೂರಿ ಓಡಬೇಕು.

ಬೇಲಿಯಿರುವ ಸಾಧಾರಣ ಹಿತ್ತಿಲಿಗೆ ನಾನು ಹೇಳುವುದು ಆರು ಸ್ವರ್ಣಧಾರ ಹೇಂಟೆ, ಜೊತೆಗೆ ಒಂದು ನಾಟಿ ಹೇಂಟೆ. ಸುಧಾರಿತ ತಳಿಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಮುಂದೆ ಹುಂಜವೊಂದನ್ನು ತಂದು ಮರಿ ಮಾಡಿಸಬೇಕೆನಿಸಿದರೆ ಆ ನಾಟಿ ಹೇಂಟೆಯೇ ಅವುಗಳ ಮೊಟ್ಟೆಗೂ ಕಾವು ಕೊಡುತ್ತದೆ. ಸ್ವರ್ಣಧಾರ ಮಿಶ್ರತಳಿಯಾದ್ದರಿಂದ ಅದರ ಮೊಟ್ಟೆಯಿಂದ ಹಾಗೆ ಹುಟ್ಟಿದ ಮರಿಗಳು ತಾಯಿಯಷ್ಟು ಮೊಟ್ಟೆಯಿಡುವುದಿಲ್ಲ ಎಂಬುದು ನೆನಪಿರಲಿ.

ಕೋಳಿಗಳನ್ನು ತಂದ ದಿನವೇ ಹೊರಗೆ ಬಿಡಬೇಡಿ. ನಾಲ್ಕೈದು ದಿನ ಗೂಡಿನಲ್ಲೇ ನೀರು, ಕಾಳು ಕೊಟ್ಟು, ಆಮೇಲೆ ಒಂದು ಸಂಜೆ, ಕತ್ತಲಾಗಲು ಒಂದು ಗಂಟೆಯಿರುವಾಗ ಬಾಗಿಲು ತೆರೆಯಿರಿ. ದೂರ ಹೋಗುವಷ್ಟು ಹೊತ್ತು ಇಲ್ಲದ ಕಾರಣ ಅವು ಸುತ್ತಮುತ್ತ ಕೆದಕಿ, ಬೆಳಕು ಇಳಿಯುತ್ತಿದ್ದಂತೆ ಗೂಡಿಗೇ ಮರಳುತ್ತವೆ.