ಮಹಾಕೂಟದ ಪುಷ್ಕರಣಿಯಲ್ಲಿ ತೀರ್ಥಸ್ನಾನ ಮಾಡುವ ಬಗೆ

ಬಾದಾಮಿಯಿಂದ ಸುಮಾರು 14 ಕಿ.ಮೀ. ದೂರದ ಮಹಾಕೂಟದಲ್ಲಿ, ಬಾದಾಮಿ ಚಾಲುಕ್ಯರ ಕಾಲದ ಗುಡಿಗಳ ನಡುವೆ ಇರುವ ವಿಷ್ಣು ಪುಷ್ಕರಣಿಯು ಬುಗ್ಗೆಯ ನೀರಿನಿಂದ ತುಂಬುವ ಹೊಂಡವಾಗಿದೆ. ಇದರಲ್ಲಿ ಮಿಂದರೆ ಪಾಪವೂ ಮೈಬಾಧೆಯೂ ಕಳೆಯುತ್ತವೆಂಬ ನಂಬಿಕೆಯಿಂದ ಭಕ್ತರು ಬರುತ್ತಾರೆ. ಸವದತ್ತಿಯ ಜೋಗುಳಬಾವಿಯಲ್ಲಿ ಮಿಂದ ರೇಣುಕೆಯ ಚರ್ಮರೋಗ ವಾಸಿಯಾಯಿತೆಂಬ ಕಥೆಯನ್ನು ಕೇಳಿ ಬೆಳೆದ ನಮ್ಮ ಭಾಗದವರಿಗೆ ಈ ನಂಬಿಕೆ ಹೊಸದಲ್ಲ.

ಸ್ನಾನಕ್ಕೆ ಬೆಳಿಗ್ಗೆ, ಜನದಟ್ಟಣೆ ಆಗುವ ಮೊದಲೇ ತಲುಪುವುದು ಒಳ್ಳೆಯದು. ಸಾಬೂನು, ಶಾಂಪೂ, ಎಣ್ಣೆಗಳನ್ನು ಹೊಂಡದ ಹತ್ತಿರಕ್ಕೂ ಒಯ್ಯಬಾರದು. ಬುಗ್ಗೆಯಿಂದ ಹೊಸ ನೀರು ಬರುತ್ತಿದ್ದರೂ, ಅನೇಕರು ಒಟ್ಟಿಗೆ ಮೀಯುವಾಗ ಒಬ್ಬರ ನೊರೆ ಇನ್ನೊಬ್ಬರ ತೀರ್ಥದಲ್ಲಿ ಬೆರೆಯುವುದು ತಪ್ಪುವುದಿಲ್ಲ. ತೆರೆದ ಗಾಯ ಅಥವಾ ಸೋರುವ ಹುಣ್ಣು ಇರುವವರು ಇಳಿಯದೆ, ದಂಡೆಯಲ್ಲಿ ನಿಂತು ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು. ವೈದ್ಯರು ಬರೆದುಕೊಟ್ಟ ಔಷಧವನ್ನು ತೀರ್ಥಸ್ನಾನದ ಭರವಸೆಯಿಂದ ಯಾರೂ ನಿಲ್ಲಿಸಬಾರದು. ನಂಬಿಕೆ ಮತ್ತು ಚಿಕಿತ್ಸೆ ಎರಡೂ ಕೂಡಿ ನಡೆಯಬಹುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಪಾವಟಿಗೆಗಳಲ್ಲಿ ಪಾಚಿ ಕಟ್ಟಿರಬಹುದಾದ್ದರಿಂದ ಮಕ್ಕಳ ಮತ್ತು ಹಿರಿಯರ ಕೈ ಬಿಡಬಾರದು. ನೀರಿನಲ್ಲಿರುವ ಪುಟ್ಟ ಮಂಟಪದೊಳಗೆ ಚತುರ್ಮುಖ ಲಿಂಗವಿದೆ. ಈಜು ಬಲ್ಲವರು ಅದರ ಬಳಿಗೆ ಹೋದರೂ, ಮಂಟಪವನ್ನು ಹತ್ತುವುದು, ಅಲ್ಲಿಂದ ಧುಮುಕುವುದು ಸಲ್ಲದು. ಹೂವು, ದೀಪ, ಉಟ್ಟ ಬಟ್ಟೆಗಳನ್ನು ನೀರಿಗೆ ಬಿಡದೆ ಮನೆಗೆ ಕೊಂಡೊಯ್ಯಬೇಕು. ಈ ಸ್ಥಳ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ; ಇಲ್ಲಿನ ಕಲ್ಲಿಗೆ ಹಾನಿ ಮಾಡಿದವರಿಗೆ, ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ, ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಹರಕೆಯ ಕುಂಕುಮ, ಅರಿಶಿನವನ್ನು ಗೋಡೆಗೆ ಬಳಿಯುವುದನ್ನೂ ನಾವೇ ಬಿಡಬೇಕು.

ಮಿಂದು, ಒಣಬಟ್ಟೆ ಉಟ್ಟು ಮಹಾಕೂಟೇಶ್ವರನ ದರ್ಶನ ಮಾಡಿದ ಮೇಲೆ, ಸ್ಥಳದ ಹಳಮೆಯನ್ನು ತಿಳಿಯಬಯಸುವವರು ವಿಜಯಪುರಕ್ಕೂ ಹೋಗಬೇಕು. ಈ ದೇವರಿಗೆ ಹತ್ತು ಊರುಗಳ ಉಂಬಳಿಯನ್ನು ದಾಖಲಿಸಿದ, ಕ್ರಿ.ಶ. 602ರದೆಂದು ವಿದ್ವಾಂಸರು ಗುರುತಿಸುವ, ಚಾಲುಕ್ಯ ದೊರೆ ಮಂಗಳೇಶನ ಸ್ತಂಭಶಾಸನವನ್ನು ಮಹಾಕೂಟದಿಂದ ಅಲ್ಲಿಗೆ ಸಾಗಿಸಲಾಗಿದೆ. ಆ ಶಾಸನವಿರುವ, ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಿರುವುದರಿಂದ ಬೇರೆ ದಿನವನ್ನು ಆರಿಸಿಕೊಳ್ಳಿರಿ.